ಕುದುರೆಗೂ ನೂರಾ ಏಳು

ಯಲಗೂರಪ್ಪ ಮಾಸ್ತರರು ಆ ಸೋಮವಾರ ಮುಂಜಾನೆ ಥರ್ಮಾಮೀಟರನ್ನು ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲೇ ಬಿಟ್ಟಿದ್ದರೆ ಮುಂದಿನ ಯಾವ ಫಜೀತಿಯೂ ಆಗುತ್ತಿರಲಿಲ್ಲ. ಆದರೆ ಹಾಕಿದರು. ಅದೂ ತಗಡಿನ ಪತ್ರಾಸು ಹೊದಿಸಿದ ಮನೆಯಲ್ಲಿ, ಪತ್ರಾಸಿನಿಂದ ಗೇಣು ಕೆಳಗೆ, ಹೊಸ ಮೊಳೆ ಹೊಡೆದು. ಅದೂ ಏಪ್ರಿಲ್ ತಿಂಗಳಲ್ಲಿ. ಅದೂ ವಿಜಾಪುರದಲ್ಲಿ.

ಸಂಜೆ ಐದರ ಮೋಟಾರಿಗೆ ತಿಕೋಟಾದ ಅಮರಪ್ಪನವರು ಮನೆ ನೋಡಲು ಬರುವವರಿದ್ದರು. ಹೆಣ್ಣು ನೋಡುವುದು ಹಿಂದಿನ ತಿಂಗಳೇ ಮುಗಿದಿತ್ತು. ಅವರ ಮಗಳು ಕಾಳವ್ವ ಅವಲಕ್ಕಿಯ ತಾಟು ಕೊಟ್ಟು ಹೊರಳುವಾಗ ಮಾಸ್ತರರು ನಮಸ್ಕಾರ ಮಾಡಲು ಏಳಹೋಗಿ, ಧೋತರದ ಚುಂಗು ಕುಳಿತಿದ್ದ ಬಾಕಿನ ಮೊಳೆಗೆ ಸಿಕ್ಕಿ, ಮತ್ತೆ ಧೊಪ್ಪನೆ ಕುಳಿತುಬಿಟ್ಟಿದ್ದರು. ಆಗ ಅವಳು ನಕ್ಕಳು. ಮೂವತ್ತೊಂದು ವರ್ಷದ ಬಾಳಿನಲ್ಲಿ ಮಾಸ್ತರರನ್ನು ನೋಡಿ ನಕ್ಕವರು ಬಹಳ ಮಂದಿ. ಆದರೆ ಅವರಿಗೂ ನಗು ಬರುವಂತೆ ನಕ್ಕವಳು ಇವಳೊಬ್ಬಳೇ. ಅವತ್ತಿನಿಂದ ಮಾಸ್ತರರಿಗೆ ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ, ಕಾಳವ್ವನ ಹೊರತು ಬೇರೆ ಹೆಣ್ಣಿನ ಮಾತು ಕಿವಿಗೆ ಬೀಳಲಿಲ್ಲ.

ಅಮರಪ್ಪನವರದು ಶೇಂಗಾ ವ್ಯಾಪಾರ. ರಷ್ಯಾದವರು ಮನುಷ್ಯನನ್ನು ಆಕಾಶಕ್ಕೆ ಹಾರಿಸಿದ ಸುದ್ದಿಯನ್ನು ಹಿಂದಿನ ವರ್ಷ ಪೇಪರಿನಲ್ಲಿ ಓದಿದಂದಿನಿಂದ ಅವರಿಗೆ ವಿಜ್ಞಾನದ ಹುಚ್ಚು ಹತ್ತಿತ್ತು. ಮಗಳನ್ನು ಕೊಟ್ಟರೆ ಸಾಯನ್ಸಿನವರಿಗೇ ಕೊಡುವುದು ಎಂದು ಪಣ ತೊಟ್ಟು, ಹೊಲ ಇದ್ದವರನ್ನೂ ಅಂಗಡಿ ಇದ್ದವರನ್ನೂ ಬಾಗಿಲಿನಿಂದಲೇ ವಾಪಸು ಕಳಿಸಿದ್ದರು. ಬಬಲೇಶ್ವರದಲ್ಲಿದ್ದ ಮಾಸ್ತರರ ಅಣ್ಣನಿಗೆ ಇದು ಗೊತ್ತಾಗಿ, "ನನ್ನ ತಮ್ಮ ಪಕ್ಕಾ ಸಾಯನ್ಸ ಅದಾನ್ರೀ" ಎಂದು ಮಾತು ಮುಟ್ಟಿಸಿದ್ದ.

ಪಕ್ಕಾ ಸಾಯನ್ಸಿನ ಕತೆ ಹೀಗಿತ್ತು. ಯಲಗೂರಪ್ಪ ಮಾಸ್ತರರು ಕಲಿತದ್ದು ಕನ್ನಡ, ಕಲಿಸುತ್ತಿದ್ದದ್ದು ಕನ್ನಡ. ನಾಲ್ಕು ವರ್ಷದ ಹಿಂದೆ ಶಾಲೆಗೆ ಸಾಮಾನ್ಯ ವಿಜ್ಞಾನ ಎಂಬ ಹೊಸ ವಿಷಯ ಬಂದಾಗ ಹೆಡ್ಮಾಸ್ತರರು ಸ್ಟಾಫಿನ ಮೇಲೆ ಒಮ್ಮೆ ಕಣ್ಣಾಡಿಸಿ, ಕಣ್ಣಿಗೆ ಚಾಳೀಸು ಹಾಕಿಕೊಂಡವರು ಇವರೊಬ್ಬರೇ ಎಂದು ಇವರಿಗೇ ಹೊರಿಸಿದರು. ಮಾಸ್ತರರು ಗಾಂಧಿ ಚೌಕಿನಲ್ಲಿ ಒಂದು ಗೈಡು ಕೊಂಡು ಬಾಯಿಪಾಠ ಮಾಡಿದರು. ಭೂಮಿ ದುಂಡಗಿದೆ ಎಂಬುದಕ್ಕೆ ಮೂರು ಕಾರಣ, ಮೀನು ಕಿವಿರುಗಳಿಂದ ಉಸಿರಾಡುತ್ತದೆ, ಉಷ್ಣದಿಂದ ವಸ್ತುಗಳು ಹಿಗ್ಗುತ್ತವೆ, ಆರೋಗ್ಯವಂತನ ಮೈಯ ಶಾಖ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಹುಡುಗರು ಬರೆದುಕೊಂಡರು, ಪಾಸಾದರು. ಸರಕಾರ ವಿಜ್ಞಾನದ ಸಾಮಾನಿನ ಪೆಟ್ಟಿಗೆಯನ್ನೂ ಕಳಿಸಿತ್ತು. ಒಡೆದರೆ ಯಾರು ಜವಾಬು ಕೊಡಬೇಕು ಎಂದು ಹೆಡ್ಮಾಸ್ತರರು ಅದಕ್ಕೆ ಕೀಲಿ ಜಡಿದರು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಪೆಟ್ಟಿಗೆಗೆ ಕುಂಕುಮ ಹಚ್ಚಿ ಕಾಯಿ ಒಡೆಯುವುದು ಬಿಟ್ಟರೆ ವಿಜ್ಞಾನಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಆ ಪೆಟ್ಟಿಗೆಯನ್ನು ಮಾಸ್ತರರು, ಬರುವ ಬೀಗರ ಕಣ್ಣಿಗೆ ಬೀಳಲೆಂದು, ಹೆಡ್ಮಾಸ್ತರರ ಕೈಕಾಲು ಹಿಡಿದು ಒಂದು ದಿನದ ಮಟ್ಟಿಗೆ ಮನೆಗೆ ತಂದಿದ್ದರು. ಸಿದ್ಧೇಶ್ವರ ಗುಡಿಯ ಹಿಂದಿನ ಗಲ್ಲಿಯಲ್ಲಿ ಒಂದೇ ಸಾಲಿಗೆ ಆರು ಮನೆ, ಮೂರನೆಯದು ಮಾಸ್ತರರದು. ಮೇಜಿನ ಮೇಲೆ ಭೂಗೋಳ, ಕಿಟಕಿಯಲ್ಲಿ ಅಯಸ್ಕಾಂತ, ಗೂಡಿನಲ್ಲಿ ಭೂತಗನ್ನಡಿ, ಬಾಗಿಲಿಗೆ ಎದುರಾಗಿ ಗೋಡೆಯ ಮೇಲೆ ಥರ್ಮಾಮೀಟರು. ಎಲ್ಲ ಜೋಡಿಸಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡಾಯಿತು. ಸೋಮವಾರದ ಉಪವಾಸ ಬೇರೆ. ಸ್ಟೂಲಿನಿಂದ ಇಳಿಯುವಾಗ ಮಾಸ್ತರರಿಗೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ನಿಂತರು.

ಬಾಗಿಲಲ್ಲಿ ಪಕ್ಕದ ಮನೆಯ ಮಲಕವ್ವ ನಿಂತಿದ್ದಳು. ಮುಂಜಾನೆಯಿಂದ ಅವಳು ಬಂದು ನೋಡಿ ಹೋದದ್ದು ಇದು ಆರನೆಯ ಸಲ. ಗಲ್ಲಿಯ ಯಾವ ಮನೆಯ ಕೆಲಸವೂ ತನ್ನ ಕಣ್ಣ ಮುಂದೆ ಆಗದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಯಪ್ಪಾ, ಏನಾತ್ರೀ ಮಾಸ್ತರ?" ಎಂದವಳೇ ಹಣೆಗೆ ಕೈ ಹಚ್ಚಿದಳು. "ಅಯ್ಯ ನನ್ನ ಶಿವನ! ಮೈ ಕೆಂಡ ಆಗೈತಲ್ಲೋ!"

"ಹಂಗೆಲ್ಲಾ ಕೈ ಹಚ್ಚಿ ಹೇಳೂದು ಹಳೇ ಪದ್ಧತಿ, ಮಲಕವ್ವ. ಅದಕ್ಕ ಯಂತ್ರ ಐತಿ," ಎಂದು ಮಾಸ್ತರರು ಗೋಡೆಯ ಥರ್ಮಾಮೀಟರು ಬಿಚ್ಚಿ ನಾಲಿಗೆಯ ಕೆಳಗೆ ಇಟ್ಟುಕೊಂಡರು. ಜೀವಮಾನದಲ್ಲಿ ಮೊದಲ ಸಲ. ಎರಡು ನಿಮಿಷ ಬಿಟ್ಟು ತೆಗೆದು, ಬೆಳಕಿಗೆ ಹಿಡಿದು, ತಿರುವಿ ತಿರುವಿ ನೋಡಿದರು. ಪಾದರಸದ ಗೆರೆ ನೂರಾ ಏಳರ ಮೇಲೆ ನಿಂತಿತ್ತು.

ಗೈಡು ತೆಗೆದರು. ಪುಟ ನಲವತ್ತೆರಡು. "ನೂರಾ ಆರಕ್ಕೆ ಮೀರಿದ ಜ್ವರ ಪ್ರಾಣಕ್ಕೆ ಅಪಾಯ." ಮಾಸ್ತರರು ಆ ಸಾಲನ್ನು ನಾಲ್ಕು ವರ್ಷ ಹುಡುಗರಿಗೆ ಬರೆಸಿದ್ದರು. ಅದು ತಮ್ಮ ವಿಷಯವಾಗಿಯೇ ಇದೆ ಎಂದು ಈಗ ತಿಳಿಯಿತು. ಗೈಡು ಹಿಡಿದುಕೊಂಡೇ ನೆಲಕ್ಕೆ ಕುಳಿತರು. ಕಾಳವ್ವನ ನಗು ನೆನಪಾಗಿ ಕಣ್ಣಲ್ಲಿ ನೀರು ಬಂತು. ಇನ್ನು ಐದು ತಾಸು ಜೀವ ಹಿಡಿದರೆ ಸಾಕಾಗಿತ್ತು.

"ನಂದೂ ಒಂಚೂರು ನೋಡ್ರೀ," ಎಂದಳು ಮಲಕವ್ವ. ಊರಿಗೆ ಬಂದದ್ದು ತನಗೊಬ್ಬಳಿಗೆ ತಪ್ಪಬಾರದು ಎಂಬ ಸ್ವಭಾವ ಅವಳದು. ತೊಳೆದು ಬಾಯಲ್ಲಿಟ್ಟರು. ನೂರಾ ಏಳು. ಮಲಕವ್ವ ಸೆರಗು ಬಾಯಿಗೆ ಒತ್ತಿಕೊಂಡು, ಮರುಕ್ಷಣವೇ ಅದನ್ನು ತೆಗೆದು, ಗಲ್ಲಿಯ ಆ ತುದಿಗೆ ಕೇಳುವಂತೆ ಚೀರಿದಳು.

ಹತ್ತು ನಿಮಿಷದಲ್ಲಿ ಗಲ್ಲಿ ಅಂಗಳದಲ್ಲಿ ನೆರೆಯಿತು. ಒಬ್ಬೊಬ್ಬರಾಗಿ ಬಾಯಿ ತೆರೆದರು. ನೂರಾ ಏಳು. ನೂರಾ ಏಳು. ಮತ್ತೆ ನೂರಾ ಏಳು. ಬಿಸಿಲಿನಲ್ಲಿ ಅರ್ಧ ಡಿಗ್ರಿ ಏರಿದ್ದೂ ಉಂಟು, ಇಳಿದದ್ದು ಮಾತ್ರ ಇಲ್ಲ. ಕೆಲಸಕ್ಕೆ ಹೊರಟಿದ್ದವರು ಥರ್ಮಾಮೀಟರು ನೋಡಿದ ಮೇಲೆ ಕಂಬಳಿ ಹೊದ್ದು ಮಲಗಿದರು. ಕಡೆಯ ಮನೆಯ ಮಶಾಕಸಾಬ ಟಾಂಗಾ ಹೊಡೆಯುವವನು. ತನಗೆ ನೂರಾ ಏಳು ಎಂದು ಕೇಳಿದ ಕೂಡಲೆ ಅವನಿಗೆ ತನ್ನದಕ್ಕಿಂತ ಕುದುರೆಯ ಚಿಂತೆ ಹತ್ತಿತು.

"ಮಾಸ್ತರ್ರೀ, ನಾ ಸತ್ರ ಒಂದು, ಅದು ಸತ್ರ ಮನಿ ಮಂದೆಲ್ಲಾ ಉಪಾಸ ಬೀಳ್ತೈತಿ. ಮುಂಜಾನಿಂದ ಹುಲ್ಲು ಸೈತ ಮೂಸಿಲ್ರೀ. ಬಾಯಾಗ ಬ್ಯಾಡ, ಬಗಲಾಗ ಇಟ್ಟರ ನಡೀತೈತಿ."

ಇಟ್ಟರು. ಕುದುರೆಗೂ ನೂರಾ ಏಳು.

"ಯಾ ಅಲ್ಲಾ!" ಎಂದ ಮಶಾಕಸಾಬ, ಸಾಯುವ ಕುದುರೆಯನ್ನು ಟಾಂಗಾಕ್ಕೆ ಕಟ್ಟಿ, ಸಾಯುವ ತಾನು ಏರಿ ಕುಳಿತು, ಗಾಂಧಿ ಚೌಕಿನ ತುಂಬ ಸುದ್ದಿ ಬಿತ್ತುತ್ತ ಹೋಗಿ, ಒಂದು ತಾಸಿನೊಳಗೆ ಆರೋಗ್ಯ ಇನ್ಸ್ಪೆಕ್ಟರ ತುಕಾರಾಮನನ್ನು ಹಾಕಿಕೊಂಡು ಬಂದ.

ತುಕಾರಾಮ ಬಹಳ ಶಿಸ್ತಿನ ಮನುಷ್ಯ. ರೋಗಿಯ ಮುಖ ನೋಡುವ ಮೊದಲು ರಿಪೋರ್ಟಿನ ಕಾಗದ ನೋಡುವವನು. ಮೇಜಿನ ಮೇಲಿದ್ದ ಭೂಗೋಳವನ್ನು ಪಕ್ಕಕ್ಕೆ ಸರಿಸಿ, "ಜನ ಹದಿನೇಳು, ಕುದುರೆ ಒಂದು" ಎಂದು ಬರೆದುಕೊಂಡ.

"ನಿಮ್ಮ ಥರ್ಮಾಮೀಟರದಾಗ ಒಮ್ಮೆ ನೋಡ್ರೀ ಸಾಹೇಬ್ರ," ಎಂದರು ಮಾಸ್ತರರು, ಎಲ್ಲೋ ಒಂದು ಆಸೆಯಿಂದ.

"ನಮ್ಮ ಆಫೀಸಿನಾಗ ಎಲ್ಲೈತಿ? ಬೇಕಂತ ಬರದು ಎರಡು ವರ್ಷಾತು. ಎಷ್ಟು ಡಿಗ್ರೀದು ಬೇಕು ಅಂತ ತಿರುಗಿ ಕೇಳ್ಯಾರ."

"ಹಂಗಾದ್ರ ಇದರಾಗ ನಿಮ್ದೂ ನೋಡೂನ ತಡೀರಿ."

ತುಕಾರಾಮ ಎರಡು ಹೆಜ್ಜೆ ಹಿಂದೆ ಸರಿದ. "ನಾ ಸರಕಾರೀ ನೌಕರ. ನನ್ನ ಜರ ಸರಕಾರೀ ದವಾಖಾನಿಯಾಗs ನೋಡಬೇಕು." ಆಮೇಲೆ ಚೀಲದಿಂದ ಸೂಜಿ, ಸಣ್ಣ ಸಣ್ಣ ಬಾಟಲಿಗಳಲ್ಲಿ ಒಂದನ್ನು ಹೊರತೆಗೆದ. "ಎಲ್ಲಾರೂ ಸಾಲ ಹಚ್ಚಿ ನಿಂದರ್ರಿ."

"ಯಾವ ಬ್ಯಾನಿದ್ರೀ ಇದು ಸೂಜಿ?" ಎಂದು ಸಾಲಿನಿಂದ ಯಾರೋ ಕೇಳಿದರು.

"ಕಾಲರಾದ್ದು. ಸ್ಟಾಕಿನಾಗ ಇದೊಂದs ಐತಿ."

ಸಾಲು ನಿಂತಲ್ಲೇ ಸಡಿಲವಾಯಿತು. ಆಗ ಮಲಕವ್ವ, "ಮದಲ ಮಾಸ್ತರು ಹಾಕಿಸ್ಕೊಳ್ಳಿ. ಕಲತವರು, ಸಾಯನ್ಸಿನವರು, ಅವ್ರನ್ನ ನೋಡಿ ನಾವು ಹಾಕಿಸ್ಕೋತೀವಿ," ಎಂದಳು. ಗಲ್ಲಿಯೆಲ್ಲ ಹೂಂ ಎಂದಿತು. ಮಾಸ್ತರರು ಅಂಗಿಯ ತೋಳು ಮಡಚಿ ವಿಜ್ಞಾನದ ಮಾನ ಕಾಯಲು ಮುಂದೆ ಬಂದರು. ಸೂಜಿ ಮೊಂಡಾಗಿತ್ತು. ತುಕಾರಾಮ ಅದನ್ನು ತಿರುವಿ ತಿರುವಿ ಒತ್ತಿದ. ಮಾಸ್ತರರ ಬಾಯಿಂದ ಬಂದ ದನಿ ಕೇಳಿ ಕುದುರೆ ಕಿವಿ ನಿಗುರಿಸಿತು.

ಮಾಸ್ತರರು ಕಣ್ಣು ಬಿಟ್ಟಾಗ ಅಂಗಳದಲ್ಲಿ ತುಕಾರಾಮನ ಹೊರತು ಒಬ್ಬರೂ ಇರಲಿಲ್ಲ. ಐದು ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಮಲಕವ್ವನ ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ತುಕಾರಾಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ನಿಟ್ಟುಸಿರುಬಿಟ್ಟ.

"ಇನ್ನೊಬ್ಬರಿಗಾಗುವಷ್ಟು ಉಳದೈತಿ ಮಾಸ್ತರ. ಬೂಚಿಗೆ ತೂತು ಬಿದ್ದ ಬಾಟಲಿ ವಾಪಸ ಒಯ್ದರ ನಾ ಜವಾಬು ಬರೀಬೇಕು. ಆ ಕೈ ಹಿಂಗ ಕೊಡ್ರಿ."

ಎರಡೂ ತೋಳಿಗೆ ಸೂಜಿ ಬಿದ್ದ ಮೇಲೆ ತುಕಾರಾಮ ಗಲ್ಲಿಯ ಬಾಯಿಗೆ ಹಗ್ಗ ಕಟ್ಟಿದ. ಮನೆ ಮನೆಯ ಮುಂದೆ ಬಿಳಿ ಪುಡಿ ಚೆಲ್ಲಿದ. ಮಾಸ್ತರರ ಮನೆಯಲ್ಲಿ, ರೋಗ ಮೊದಲು ಕಂಡದ್ದು ಅಲ್ಲೇ ಎಂದು, ಎರಡು ಬೊಗಸೆ ಹೆಚ್ಚಿಗೆ ಚೆಲ್ಲಿದ. ಅತಿಥಿಗಳಿಗೆಂದು ಸ್ಟೇಷನ್ ರಸ್ತೆಯಿಂದ ತಂದಿಟ್ಟಿದ್ದ ಜಿಲೇಬಿಯ ಮೇಲೂ ಒಂದಿಷ್ಟು ಬಿತ್ತು. ಮಾಸ್ತರರು ಎರಡೂ ಕೈ ಎತ್ತಲಾರದೆ ಗೋಡೆಗೆ ಒರಗಿ ಕುಳಿತು, ಐದರ ಮೋಟಾರು ಇವತ್ತೊಂದು ದಿನ ದಾರಿಯಲ್ಲಿ ಕೆಟ್ಟು ನಿಲ್ಲಲಿ ಎಂದು ಗುಡಿಯ ಸಿದ್ಧರಾಮನನ್ನು ಬೇಡಿಕೊಂಡರು. ಯಾವತ್ತೂ ಆರಕ್ಕೆ ಬರುವ ಮೋಟಾರು ಅವತ್ತು ಐದಕ್ಕೇ ಬಂತು.

ಅಮರಪ್ಪನವರ ಸಂಗಡ ಅವರ ತಾಯಿ ಮುದುಕವ್ವನೂ ಬಂದಿದ್ದಳು. ಎಪ್ಪತ್ತು ದಾಟಿದರೂ ಟಾಂಗಾದಿಂದ ಯಾರ ಕೈಯನ್ನೂ ಹಿಡಿಯದೆ ಇಳಿದಳು. ಅವರನ್ನು ಮೋಟಾರ ಸ್ಟ್ಯಾಂಡಿನಿಂದ ಕರೆತಂದವನು, ತುಕಾರಾಮನ ಕಾಗದ ಆಫೀಸಿಗೆ ಮುಟ್ಟಿಸಲು ಹೋಗಿದ್ದ ಮಶಾಕಸಾಬನೇ ಆದ್ದರಿಂದ ಹೇಳುವುದೇನೂ ಉಳಿದಿರಲಿಲ್ಲ. ಅಮರಪ್ಪನವರು ಮೂಗಿಗೆ ಕರವಸ್ತ್ರ ಹಿಡಿದು ಹಗ್ಗದ ಆಚೆಯೇ ನಿಂತರು.

"ಅವ್ವಾ, ತಿರುಗಿ ಹೋಗೂನ ನಡಿ. ಊರಿಗೆ ಊರs ಬ್ಯಾನಿ ಬಿದ್ದೈತಿ."

"ಸುಮ್ನಿರ್ಲೇ. ಮನೀ ನೋಡಾಕ ಬಂದೀವಿ, ನೋಡಿ ಹೋಗೂನು," ಎಂದು ಮುದುಕವ್ವ ಹಗ್ಗವನ್ನು ಎತ್ತಿ ಒಳಗೆ ನುಸುಳಿದಳು. ತುಕಾರಾಮ, "ಏ ಅಮ್ಮಾ, ಕಾಯದಾ ಐತಿ!" ಎಂದು ಕೂಗಿದ. "ನಿನ್ನ ಕಾಯದಾ ನೀ ಹಿಡಕೊಂಡು ನಿಂದ್ರಪಾ," ಎಂದು ಅವಳು ಹಿಂದೆ ನೋಡದೆ ಹೇಳಿದಳು. ತಾಯಿ ಹೋದ ಮೇಲೆ ಮಗನೂ ಹೋಗಬೇಕಾಯಿತು. ಬಾಗಿಲುಗಳು ಒಂದೊಂದೇ ತೆರೆದು ಗಲ್ಲಿ ಮತ್ತೆ ಅಂಗಳಕ್ಕೆ ಬಂತು.

ಮುದುಕವ್ವ ಮಲಕವ್ವನ ಕೈ ಮುಟ್ಟಿದಳು. ಮಶಾಕಸಾಬನ ಮಣಿಕಟ್ಟು ಹಿಡಿದಳು. "ತಣ್ಣಗ ಅದಾರಲ್ಲೋ ಎಲ್ಲಾರೂ! ಯಾವ ಮೂಳ ಹೇಳ್ಯಾನ ಜರ ಅಂತ? ಎಲ್ಲೈತಿ ಆ ಯಂತರ?" ಮಾಸ್ತರರು ಅದನ್ನು ಮತ್ತೆ ತೂಗುಹಾಕಿದ್ದ ಮೊಳೆಯ ಕಡೆ ಗದ್ದದಿಂದ ತೋರಿಸಿದರು. ಕೈ ಏಳುತ್ತಿರಲಿಲ್ಲ. ಅವಳು ಥರ್ಮಾಮೀಟರನ್ನು ಮುಟ್ಟಿ, ಪತ್ರಾಸಿನ ಕಡೆ ಕತ್ತೆತ್ತಿ ನೋಡಿ, ಬೊಚ್ಚು ಬಾಯಿ ತೆರೆದು ನಕ್ಕಳು.

"ಅಲ್ರೀ ಮಾಸ್ತರ, ಹಿತ್ತಾಳಿ ಚರಗಿ ಬಿಸಲಾಗ ಇಟ್ಟರ ಅದೂ ಸುಡತೈತಿ. ಚರಗಿಗೆ ಜರ ಬಂದೈತೇನು?"

ಉಷ್ಣದಿಂದ ವಸ್ತುಗಳು ಹಿಗ್ಗುತ್ತವೆ ಎಂಬ ಉತ್ತರ ಆಗ ಮಾಸ್ತರರ ತಲೆಯಲ್ಲಿ, ನಾಲ್ಕು ವರ್ಷ ತಡವಾಗಿ, ಅರ್ಥಸಮೇತ ಹೊಳೆಯಿತು. ಭೂಮಿ ಬಾಯಿಬಿಡಲಿ ಎನಿಸಿತು.

ಮುದುಕವ್ವ ಥರ್ಮಾಮೀಟರನ್ನು ಮಣ್ಣಿನ ಗಡಿಗೆಯ ತಣ್ಣೀರಿನಲ್ಲಿ ಅದ್ದಿದಳು. ಗೆರೆ ಮಿಸುಕಲಿಲ್ಲ. ಹೊರತೆಗೆದು, ಒದ್ದೆ ಕೈ ಝಾಡಿಸುವಂತೆ ನಾಲ್ಕು ಸಲ ರಭಸದಿಂದ ಝಾಡಿಸಿದಳು. ಗೆರೆ ಸರ್ರನೆ ಇಳಿದು ತಳ ಸೇರಿತು. ಇನ್ನೊಮ್ಮೆ ನೀರಿಗೆ ಅದ್ದಿ ಸೀದಾ ಬಾಯಲ್ಲಿ ಇಟ್ಟುಕೊಂಡಳು. "ಈಗ ಓದಲೇ ಅಮರಾ, ಲಗೂನ. ಮತ್ತ ಗಾಳೀಗೆ ಕಾದೀತು."

"ತೊಂಬತ್ತೆಂಟು!" ಎಂದರು ಅಮರಪ್ಪನವರು.

ಮಲಕವ್ವನಿಗೆ ತೊಂಬತ್ತೆಂಟು. ಅವಳಿಗೆ ಸ್ವಲ್ಪ ಬೇಸರವೇ ಆಯಿತು. ಮಶಾಕಸಾಬನಿಗೂ ಅಷ್ಟೇ, ಕುದುರೆಯ ಕೊರಳು ತಬ್ಬಿ ಅತ್ತುಬಿಟ್ಟ. ಹದಿನೇಳರಲ್ಲಿ ಹದಿನಾರು ಮಂದಿ ಆರಾಮ. ತುಕಾರಾಮನೊಬ್ಬನಿಗೆ ಮಾತ್ರ ಸಂಕಟ. ಜ್ವರ ಎಂದು ಬರೆದ ಕಾಗದ ಆಗಲೇ ಆಫೀಸಿಗೆ ಹೋಗಿತ್ತು. ಇರಲಿಲ್ಲ ಎಂದು ಬರೆದರೆ ತನ್ನ ತಲೆಗೆ ಬರುತ್ತದೆ. ಐದು ನಿಮಿಷ ಪೆನ್ಸಿಲು ಕಚ್ಚಿ, ಮುಖ ಅರಳಿಸಿ, ದೊಡ್ಡ ಅಕ್ಷರದಲ್ಲಿ ಬರೆದ: "ಸಕಾಲಕ್ಕೆ ಸೂಜಿ ಹಾಕಿದ್ದರಿಂದ ಗಲ್ಲಿಯ ಜ್ವರ ಪೂರ್ತಿ ಇಳಿದಿದೆ." ಅದಕ್ಕೆ ಸಾಕ್ಷಿ ಎಂದು ಅಮರಪ್ಪನವರ ಸಹಿಯನ್ನೂ ಹಾಕಿಸಿದ. ಹಗ್ಗ ಬಿಚ್ಚಿದ.

ಅಮರಪ್ಪನವರ ಮುಖ ಮಾತ್ರ ಸಪ್ಪಗಿತ್ತು. "ಅವ್ವಾ, ಥರ್ಮಾಮೀಟರs ಗೊತ್ತಿಲ್ಲಂದ ಮ್ಯಾಲೆ ಇವರದೆಂಥಾ ಸಾಯನ್ಸ?"

"ಶೇಂಗಾಕಾಯಿ ಮಣ್ಣಾಗ ಹೆಂಗ ಇಳೀತಾವ, ನಿನಗ ಗೊತ್ತೈತೇನು? ಮೂವತ್ತು ವರ್ಷಾತು, ಮಾರಾಕತ್ತಿಲ್ಲೇನು? ಹುಡುಗ ಪಾಪದಾಂವ ಅದಾನ. ಮೋಸ ಮಾಡೂ ಮಾರಿ ಅಲ್ಲ. ಕಾಳಿ ಇವನ ಮನ್ಯಾಗ ನಕ್ಕೋಂತ ಇರತಾಳ."

ಮಾಸ್ತರರಿಗೆ ಎದೆ ತುಂಬಿ ಬಂತು. ಇಡೀ ದಿನದ ನೋವು, ನಾಚಿಕೆ, ಬಿಳಿ ಪುಡಿ ಎಲ್ಲ ಮರೆತುಹೋಯಿತು. ನೆಲಕ್ಕೆ ಬಾಗಿ ಮುದುಕಿಯ ಕಾಲು ಮುಟ್ಟಹೋದರು, ಕೈ ಬಗ್ಗದೆ ಹಣೆಯಿಂದಲೇ ಮುಟ್ಟಿದರು. ಅವಳು ಹರಸಿ ಎಬ್ಬಿಸಿದಳು. "ಎಲ್ಲಾರದೂ ನೋಡಿದ್ವಿ, ಅಳಿಯಾರದೊಂದು ಉಳೀತಲ್ಲ. ಅದೊಂದು ನೋಡಿ ಸಕ್ಕರಿ ಹಂಚಿಬಿಡೂನು," ಎಂದು ಅದ್ದಿ, ಝಾಡಿಸಿ, ಮಾಸ್ತರರ ಬಾಯಿಗೆ ಇಟ್ಟಳು.

ಅಮರಪ್ಪನವರು ಓದಿದರು. ಕಣ್ಣು ಒರೆಸಿಕೊಂಡು ಮತ್ತೆ ಓದಿದರು. "ನೂರಾ ಮೂರು."

"ಗಾಳಿ ಬಿಸೀರಿ ಅದು!" ಎಂದರು ಮಾಸ್ತರರು. ಮುದುಕವ್ವ ಮತ್ತೆ ಅದ್ದಿದಳು, ಮತ್ತೆ ಝಾಡಿಸಿದಳು. ನೂರಾ ಮೂರು. ಮೂರನೆಯ ಸಲ ನೂರಾ ಮೂರಕ್ಕೆ ಒಂದು ಗೆರೆ ಜಾಸ್ತಿ. ಅವಳು ಥರ್ಮಾಮೀಟರು ಕೆಳಗಿಟ್ಟು ಅಂಗೈಯಿಂದಲೇ ಹಣೆ ಮುಟ್ಟಿದಳು. ನಗು ಇಳಿಯಿತು.

"ಇದು ಖರೇ ಜರ ಐತಿ, ಯಪ್ಪಾ."

ಮಾಸ್ತರರು ಬಾತುಕೊಂಡ ತೋಳುಗಳನ್ನು ನೋಡಿದರು. ಥಟ್ಟನೆ ಹೊಳೆಯಿತು. "ಸೂಜಿಯಿಂದ ಬಂದದ್ದ್ರೀ ಇದು! ಎರಡು ಸೂಜಿ ಬಿದ್ದಾವ. ಆ ಔಷಧ ಮೈಯಾಗ ಹೊಕ್ಕರ ಮೈ ಬಿಸಿ ಆಗತೈತಿ. ಎರಡು ದಿನದಾಗ ತಾನs ಇಳೀತೈತಿ." ಗೈಡಿನಲ್ಲಿ ಇಲ್ಲದ ಉತ್ತರವೊಂದನ್ನು ಮಾಸ್ತರರು ಸ್ವಂತ ತಲೆಯಿಂದ ಹೇಳಿದ್ದು ನಾಲ್ಕು ವರ್ಷದಲ್ಲಿ ಅದೇ ಮೊದಲು. ಅದು ಸರಿಯೂ ಆಗಿತ್ತು.

ಎಲ್ಲರೂ ತುಕಾರಾಮನ ಕಡೆ ತಿರುಗಿದರು. ಅವನು ರಿಪೋರ್ಟನ್ನು ಎದೆಗೆ ಅವಚಿಕೊಂಡ.

"ಶಕ್ಯಾನs ಇಲ್ಲ. ಸೂಜಿಯಿಂದ ಜರ ಇಳೀತೈತಿ, ಏರಂಗಿಲ್ಲ. ಇಲ್ಲಿ ಬರದೀನಿ ನೋಡ್ರಿ, ಸಾವಕಾರರು ಸಹೀನೂ ಮಾಡ್ಯಾರ."

ಅಮರಪ್ಪನವರು ತಮ್ಮ ಸಹಿಯನ್ನೇ ಎರಡು ಸಲ ನೋಡಿದರು. ತಾವು ಸಹಿ ಮಾಡಿದ್ದನ್ನು ಅವರು ಯಾವತ್ತೂ ಸುಳ್ಳು ಎಂದವರಲ್ಲ. ಇಡೀ ಗಲ್ಲಿ ಆರಾಮಿದ್ದು ಗಂಡಿನ ಮೈ ಒಂದೇ ಸುಡುತ್ತಿದ್ದರೆ, ಒಳಗೆ ಏನೋ ಹಳೆಯ ಬ್ಯಾನಿ ಇರಬೇಕು. ಅವರು ಟೊಪ್ಪಿಗೆ ಹಾಕಿಕೊಂಡರು.

"ಮಾಸ್ತರ, ಅವ್ವಗ ನೀವು ಮನಸಿಗೆ ಬಂದೀರಿ. ಅದಕ್ಕ ಎಂಟು ದಿನ ತಡೀತೀನಿ. ಮುಂದಿನ ಸೋಮವಾರದೊಳಗ ಜರ ಪೂರಾ ಇಳೀತು ಅಂತ ಈ ಸಾಹೇಬ್ರ ಕೈಬರಹ ತಂದು ತೋರಸ್ರಿ, ಕಾಳೀನ ಕೊಡ್ತೀನಿ. ಇಲ್ಲಂದ್ರ ಒಬ್ಬ ಕಂಪೌಂಡರ ಕೇಳಾಕತ್ತಾನ. ಅವನೂ ಸಾಯನ್ಸs."

ಟಾಂಗಾ ಹೋಯಿತು. ಮಲಕವ್ವ ಲಗ್ನ ಮುರಿದ ಸುದ್ದಿ ಹಂಚಲು ಉಳಿದ ನಾಲ್ಕೂ ಮನೆಗೆ ಹೊರಟಳು. ಅಂಗಳದಲ್ಲಿ ಮಾಸ್ತರರು, ತುಕಾರಾಮ ಇಬ್ಬರೇ ಉಳಿದರು. ಮಾಸ್ತರರು ಕೈ ಮುಗಿಯಲಾರದೆ ಕಣ್ಣಿನಿಂದಲೇ ಬೇಡಿಕೊಂಡರು. "ಸಾಹೇಬ್ರ, ಎರಡು ದಿನ ಬಿಟ್ಟು ಬಂದು ನೋಡ್ರಿ. ಜರ ಇಳಿದಿರತೈತಿ. ಇಳೀತು ಅಂತ ಒಂದು ಚೀಟಿ ಕೊಡ್ರಿ, ಸಾಕು. ನನ್ನ ಜೀವನ ಉಳೀತೈತಿ."

ತುಕಾರಾಮನದು ಕಲ್ಲಿನ ಹೃದಯವೇನೂ ಅಲ್ಲ. ಆ ಮುಖ ನೋಡಿ ಅವನು ಹತ್ತಿರ ಬಂದ. ಮಾಸ್ತರರ ಭುಜದ ಮೇಲೆ, ಸರಿಯಾಗಿ ಬಾತ ಜಾಗಕ್ಕೇ, ಕೈಯಿಟ್ಟ.

"ಏನೂ ಚಿಂತೀ ಮಾಡಬ್ಯಾಡ್ರಿ ಮಾಸ್ತರ. ನಿಮ್ಮ ಲಗ್ನದ ಜವಾಬ್ದಾರಿ ಇನ್ನ ನಂದು," ಎಂದು ಚೀಲಕ್ಕೆ ಕೈ ಹಾಕಿ ಹೊಸ ಬಾಟಲಿ ತೆಗೆದ. "ಜರ ಪೂರಾ ಇಳಿಯೂತನಾ ಬಿಡೂದಿಲ್ಲ. ದಿನಾ ಮುಂಜಾನೆ ಒಂದು ಸೂಜಿ, ಸಂಜೀಕೊಂದು."